ಸೀ, ಸಿಹಿ, ಮತ್ತೆ ಸೀ

ದೇವನಹಳ್ಳಿ ಕಡೆಯ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಲೈಮ್ ಸೋಡಾ ಹೇಳಿದರೆ 'ಸ್ವೀಟಾ, ಸಾಲ್ಟಾ?' ಎಂಬ ಮರುಪ್ರಶ್ನೆ ಗ್ಲಾಸಿಗಿಂತ ಮೊದಲು ಬರುತ್ತದೆ. ಸ್ವೀಟ್ ಎಂದರೆ ನಿಂಬೆರಸಕ್ಕೆ ಸಕ್ಕರೆ, ಸಾಲ್ಟ್ ಎಂದರೆ ಉಪ್ಪು, ಅಷ್ಟೇ. ನಾಲ್ಕು ಹೆಜ್ಜೆ ಆಚೆಯ ಜ್ಯೂಸ್ ಅಂಗಡಿಯಲ್ಲಿ ಅದೇ 'ಸ್ವೀಟ್ ಲೈಮ್' ಕೇಳಿ ನೋಡಿ, ಮೂಸಂಬಿ ರಸ ಬರುತ್ತದೆ, ಅದರಲ್ಲಿ ನಿಂಬೆಯ ಹನಿಯೂ ಇರುವುದಿಲ್ಲ. ಹೆಸರು ಒಂದೇ, ಪಾನೀಯ ಎರಡು. ಒಂದರಲ್ಲಿ ಸಿಹಿ ಚಮಚದಿಂದ ಬಿದ್ದದ್ದು, ಇನ್ನೊಂದರಲ್ಲಿ ಅದು ಹಣ್ಣಿನ ಹುಟ್ಟುಗುಣ. ಪದಗಳ ಚಪಲ ಹತ್ತಿದ ನಮ್ಮಂಥವರಿಗೆ ಬಾಯಾರಿಕೆ ಅಲ್ಲಿಗೇ ಮರೆತುಹೋಗುತ್ತದೆ. ಇಂಗ್ಲಿಷಿನ ಸ್ವೀಟನ್ನು ಅದರ ಪಾಡಿಗೆ ಬಿಟ್ಟು, ನಮ್ಮ 'ಸಿಹಿ'ಯ ಹಿಂದೆ ಹೊರಟರೆ ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತೇವೆ, ಯಾವ ಯಾವ ಗಿಡದ ಬುಡದಲ್ಲಿ ನಿಲ್ಲುತ್ತೇವೆ, ಒಮ್ಮೆ ನೋಡಿಬಿಡೋಣ.

ಸಿಹಿಯ ಹಳೆಯ ರೂಪ ಸೀ. ಒಂದೇ ಅಕ್ಷರ, ದೀರ್ಘ ಸ್ವರ. ಹಳಗನ್ನಡದಲ್ಲಿ ಅದು ಸೀ, ಸೀಯ, ಸೀಯನ ಎಂದೆಲ್ಲ ಕೊನೆ ಬದಲಿಸಿಕೊಂಡು, ನೀರಿಗೆ ಅಂಟಿ ಸೀನೀರಾಗಿ ಓಡಾಡುತ್ತಿತ್ತು. ಕರಾವಳಿಯವರ ಸೀಯಾಳದ ತಲೆಯಲ್ಲೂ ಅದೇ ಕೂತಿದೆ ಎಂದು ನನ್ನ ಕಿವಿ ಹೇಳುತ್ತದೆ. ತಮಿಳಿನಲ್ಲಿ ತೀ, ತೀಮ್. ತೆಲುಗಿನಲ್ಲಿ ತೀಪಿ, ತಿಯ್ಯನ. ತುಳುವಿನಲ್ಲಿ ತೀಪೆ, ಚೀಪೆ. ಸಾಲಾಗಿ ನಿಲ್ಲಿಸಿದರೆ ಮೂಲ ವ್ಯಂಜನ ತಕಾರವೆಂದು ತಾನಾಗಿ ತಿಳಿಯುತ್ತದೆ. ಅದು ಈಕಾರದ ಎದುರು ತಾಲುವಿನ ಕಡೆಗೆ ಜಾರಿ ತುಳುವಿನ ಒಂದು ಬಾಯಲ್ಲಿ ಚಕಾರವಾಯಿತು, ಕನ್ನಡದಲ್ಲಿ ಸಕಾರವಾಗಿ ನೆಲೆನಿಂತಿತು. ಇದೇ ಜಾರುದಾರಿಯಲ್ಲಿ ಇನ್ನೊಂದು ತೀ ಸಹ ಬಂದಿದೆ. ತಮಿಳಿನಲ್ಲಿ ತೀ ಎಂದರೆ ಬೆಂಕಿ, ತೀಯ್ ಎಂದರೆ ಸುಟ್ಟು ಕರಕಲಾಗು. ಕನ್ನಡದಲ್ಲಿ ಆ ಬೆಂಕಿಯ ಮಗಳು ಸೀ, ಸೀಯು: ಅನ್ನ ಸೀದುಹೋಯಿತು, ಪಾತ್ರೆ ತಳ ಸೀಕಲು ವಾಸನೆ ಹೊಡೆಯಿತು ಎನ್ನುತ್ತೇವಲ್ಲ, ಅದು. ಹೀಗೆ ಸವಿಯಾಗುವುದಕ್ಕೂ ಸುಟ್ಟುಹೋಗುವುದಕ್ಕೂ ಹಳಗನ್ನಡದಲ್ಲಿ ಒಂದೇ ಉಚ್ಚಾರ ಉಳಿಯಿತು. ಬೆಲ್ಲದ ಪಾಕ ಎಳೆ ಬರುವ ಹೊತ್ತಿಗೆ ಒಲೆಯ ಮುಂದಿನಿಂದ ಎದ್ದುಹೋದವರಿಗೆ ಎರಡು ಸೀಗಳ ನಡುವಿನ ಅಂತರ ಎಷ್ಟು ಕಿರಿದೆಂದು ಗೊತ್ತು.

ಸೀಗೆ ಒಬ್ಬಳು ಅಕ್ಕನೂ ಇದ್ದಳು, ಇನಿ. ನಾಲಗೆಯ ಸವಿಯನ್ನು ಸೀ ನೋಡಿಕೊಂಡರೆ ಕಿವಿಯದು, ಮನಸ್ಸಿನದು ಹೆಚ್ಚಾಗಿ ಇನಿಯ ಪಾಲಿಗೆ ಬಂತು: ಇನಿದನಿ, ಇನಿಯ, ಇಂಪು, ಇಂಚರ. ಹಾಲ್ಗಡಲಿಗೆ ಇಂಗಡಲು ಎಂಬ ಹೆಸರಿತ್ತು, ಸಿಹಿಮಾವಿಗೆ ಇಮ್ಮಾವು. ಈ ಇಮ್ಮಾವಿನ ಹೆಸರಿನದೇ ಒಂದು ಊರು ನಂಜನಗೂಡು ತಾಲ್ಲೂಕಿನಲ್ಲಿದೆ, ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಹುಳಿಮಾವು ಇದೆ. ಊರಹೆಸರುಗಳು ಕೇಳಿದಂತೆಯೇ ಹುಟ್ಟಿರುತ್ತವೆಂದು ಆಣೆ ಮಾಡಲಾಗದು, ಆದರೂ ಒಂದು ಸಿಹಿಮಾವು ಒಂದು ಹುಳಿಮಾವು ಎಂದು ಜೋಡಿ ಮಾಡುವ ಆಸೆಯನ್ನು ಯಾರು ತಡೆದಾರು! ಕಾಲ ಕಳೆದಂತೆ ಇನಿ ಕಾವ್ಯದ ಪದವಾಗಿ, ಭಾವಗೀತೆಯ ಪದವಾಗಿ ಮೇಲೇರಿ ಕೂತಳು. ಅಡುಗೆಮನೆ, ಬಾವಿಕಟ್ಟೆ, ಸಂತೆಗಳ ಕೆಲಸವೆಲ್ಲ ಸೀಯ ಮೇಲೆ ಬಿತ್ತು.

ಸೀಯ ಹೊಟ್ಟೆಯೊಳಗೆ ಹಕಾರ ಬಂದದ್ದು ಹೇಗೆ? ಜೊತೆಗಾರನನ್ನು ನೋಡಿದರೆ ಗೊತ್ತಾಗುತ್ತದೆ. ತಮಿಳಿನಲ್ಲಿ ಕೈ, ಕೈಪ್ಪು ಎಂದರೆ ಕಹಿ. ನಮ್ಮಲ್ಲೂ ಕಯ್, ಕಯ್ಪೆ ಎಂದಿತ್ತು. ಕಯಿಯ ಯಕಾರ ಸಡಿಲಾಗಿ ಅಲ್ಲಿ ಹಕಾರ ಕೂತು ಕಹಿ ಆಯಿತು. ಸೀಯ ದೀರ್ಘಸ್ವರ ಎರಡಾಗಿ ಒಡೆದು ನಡುವೆ ಅದೇ ಹಕಾರ ಕೂತು ಸಿಹಿ ಆಯಿತು. ಎರಡಕ್ಕೂ ಒಂದೇ ಪ್ರಾಸ, ಒಂದೇ ತೂಕ; ಅರ್ಥದಲ್ಲಿ ಎದುರುಬದುರು ನಿಂತವು ಸದ್ದಿನಲ್ಲಿ ಅವಳಿಗಳಾದವು. ಬದುಕಿನ ಸಿಹಿಕಹಿ ಎಂದು ನಾವು ಸಲೀಸಾಗಿ ಹೇಳುವುದು, ದೂರದರ್ಶನದ ಧಾರಾವಾಹಿಯೊಂದು ಆ ಹೆಸರು ಹೊತ್ತು ಅದರ ನಟ ಚಂದ್ರು ಅವರಿಗೆ ಅದೇ ಶಾಶ್ವತವಾದ ಮುಂಬಿರುದಾದದ್ದು, ಎಲ್ಲವೂ ಈ ಹಕಾರದ ಪುಣ್ಯ. ಸೀ-ಕಯ್ ಎಂದೇ ಉಳಿದಿದ್ದರೆ ಇಷ್ಟು ನುಡಿಗಟ್ಟು ಕಟ್ಟಲು ಆಗುತ್ತಿತ್ತೇ, ಅನುಮಾನ.

ಆದರೆ ಈ ಹಕಾರ ಎಲ್ಲರ ಬಾಯಲ್ಲೂ ಉಳಿಯಲಿಲ್ಲ. ದೊಡ್ಡಬಳ್ಳಾಪುರದ ಸಂತೆಯಲ್ಲೋ ಹೊಸಕೋಟೆಯ ಬಸ್‌ಸ್ಟ್ಯಾಂಡಿನ ಹೊರಗೋ ಹಣ್ಣು ಮಾರುವ ಹೆಂಗಸನ್ನು ಕೇಳಿ: 'ಸೀಗೈತೆ ತಗಳಿ' ಎನ್ನುತ್ತಾಳೆ. ಹಣ್ಣು ಅಣ್ಣಾಗುವ, ಹಾಲು ಆಲಾಗುವ, ಹುಳಿ ಉಳಿಯಾಗುವ ಸೀಮೆ ಇದು. ಇಲ್ಲಿ ಸಿಹಿಯ ಹಕಾರವೂ ಬಿದ್ದು, ಒಡೆದ ಎರಡು ಇಕಾರಗಳು ಮತ್ತೆ ಕೂಡಿಕೊಂಡು ಸೀ ಆಗಿದೆ. ಕಹಿ ಮತ್ತೆ ಕಯ್ಯಿ ಆಗಿದೆ. ಪೇಟೆಯ ಮೇಷ್ಟರು ಇದನ್ನು ತಪ್ಪು ಉಚ್ಚಾರವೆಂದು ತಿದ್ದುತ್ತಾರೆ. ತಿದ್ದುವವರ ಬಾಯಲ್ಲಿರುವುದು ನಡುವೆ ಹುಟ್ಟಿದ ರೂಪ, ತಿದ್ದಿಸಿಕೊಳ್ಳುವವರ ಬಾಯಲ್ಲಿರುವುದು ಹಳೆಯದರ ಪಡಿಯಚ್ಚು. ಸೀ ಎಂಬುದು ಹಳಗನ್ನಡದಿಂದ ನೇರವಾಗಿ ಅವರಲ್ಲಿ ಉಳಿದು ಬಂತೋ, ಸಿಹಿಯಾಗಿ ಹೋಗಿ ಮರಳಿ ಬಂತೋ ಎಂದು ಪಂಡಿತರು ಜಗಳವಾಡಬಹುದು. ಪಕ್ಕದಲ್ಲೇ ಪುಳಿ ಹುಳಿಯಾಗಿ, ಹುಳಿ ಉಳಿಯಾಗಿ ಇಳಿದ ದಾರಿ ಇರುವುದರಿಂದ ನನ್ನ ಓಟು ಮರಳಿ ಬಂದದ್ದಕ್ಕೇ. ಪಾಪ, ಹುಳಿಗೆ ಆ ಭಾಗ್ಯವಿಲ್ಲ. ಪಕಾರ ಹೋಗಿ ಹಕಾರ, ಹಕಾರ ಹೋಗಿ ಬರಿಯ ಉಕಾರ. ಅದು ಬಡಗಿಯ ಉಳಿಯ ಜೊತೆ, ಉಳಿದದ್ದರ ಜೊತೆ ಬೆರೆತು ತನ್ನ ಗುರುತನ್ನೇ ಕಳೆದುಕೊಂಡಿದೆ.

ಹುಳಿಯ ಮಾತು ಬಂದಾಗ ಹುಣಸೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ದೇವನಹಳ್ಳಿ ತಾಲ್ಲೂಕಿನಲ್ಲೇ ನಲ್ಲೂರಿನ ಹುಣಸೆ ತೋಪು ಇದೆ. ಐವತ್ತಕ್ಕೂ ಹೆಚ್ಚು ಎಕರೆ, ಶತಮಾನಗಳ ಮುದಿ ಮರಗಳು, 2007ರಲ್ಲಿ ದೇಶದ ಮೊಟ್ಟಮೊದಲ ಜೀವವೈವಿಧ್ಯ ಪರಂಪರಾ ತಾಣವೆಂಬ ಪಟ್ಟ ಸಿಕ್ಕಿದ್ದು ಇದಕ್ಕೆ. ಹಣ್ಣಿನ ಸಿಹಿಗೆ ಹೆಸರಾದ ತಾಲ್ಲೂಕಿನ ಹೊಟ್ಟೆಯಲ್ಲಿ ಇಷ್ಟು ಹಳೆಯ ಹುಳಿ. ಈ ಸೀಮೆಯಲ್ಲಿ ಹುಳಿ ಎಂದರೆ ರುಚಿಯಷ್ಟೇ ಅಲ್ಲ, ಊಟದ ಪದಾರ್ಥವೂ ಹೌದು: ಸೊಪ್ಪಿನ ಹುಳಿ, ಕಾಳಿನ ಹುಳಿ, ತರಕಾರಿ ಹುಳಿ. 'ಸಂಸಾರಕ್ಕೆ ಹುಳಿ ಹಿಂಡಿದ' ಎಂದಾಗ ಮಾತ್ರ ಅದು ಹಾಲನ್ನು ಒಡೆಯುವ ಹುಳಿ, ಹಿಂಡುವ ಕ್ರಿಯೆಯಿಂದಲೇ ಅಲ್ಲಿ ನಿಂಬೆಯ ಹೋಳು ಕಾಣಿಸುತ್ತದೆ. ಸಿಹಿಗೆ ಇಂಥ ಪದಾರ್ಥರೂಪ ಬೇರೆ ಬಗೆಯದು. ಹಬ್ಬದ ದಿನ 'ಏನು ಸಿಹಿ ಮಾಡಿದ್ದೀರಿ?' ಎಂದರೆ ಒಬ್ಬಟ್ಟೋ ಪಾಯಸವೋ ಎಂಬ ಪ್ರಶ್ನೆ, ಅದು ವಿಶೇಷಣದ ಬಟ್ಟೆ ಕಳಚಿ ನಾಮಪದವಾಗಿ ಎಲೆಯ ತುದಿಗೆ ಬಂದು ಕೂರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಎಷ್ಟೋ ಕಡೆ ಕನ್ನಡದ ಸಿಹಿ ಸಕ್ಕರೆಯ ಮಾತನ್ನೇ ಆಡುವುದಿಲ್ಲ. ಸಿಹಿನೀರಿನ ಬಾವಿ ಎಂದರೆ ಅದರಲ್ಲಿ ಬೆಲ್ಲ ಕದಡಿದೆಯೇ? ಉಪ್ಪು, ಒಗರು, ಸವುಳು ಇಲ್ಲ ಎಂದರ್ಥ. ಚಿತ್ರದುರ್ಗದ ಸಿಹಿನೀರು ಹೊಂಡವೂ ಹಾಗೆ. ಸಿಹಿ ಮೊಸರು ಎಂದರೆ ಇನ್ನೂ ಹುಳಿ ಬರದ ಮೊಸರು. ಸಿಹಿಗುಂಬಳ ಎಂದರೆ ಬೂದುಗುಂಬಳ ಅಲ್ಲದ್ದು. ಮಲೆನಾಡಿನ ಕೆಲವರು ಅದನ್ನೇ ಚೀನಿಕಾಯಿ ಎನ್ನುವಾಗಲೂ ಚೀನಿ ಎಂಬುದು ಚೀನಾ ದೇಶವೋ ಸಕ್ಕರೆಯೋ ಎಂಬ ತಕರಾರು ತೆರೆದೇ ಇರುತ್ತದೆ. ತಮಾಷೆಯೆಂದರೆ ಸಿಹಿಗುಂಬಳ ಬಂದದ್ದೂ ಸಿಹಿಗೆಣಸು ಬಂದದ್ದೂ ಅಮೆರಿಕ ಖಂಡದಿಂದ. ಮನೆಯಲ್ಲಿ ಮೊದಲೇ ಇದ್ದ ಕುಂಬಳದಿಂದ, ಮೊದಲೇ ಇದ್ದ ಕಾಡುಗೆಣಸಿನಿಂದ ಇವನ್ನು ಬೇರೆ ಮಾಡಿ ಹೇಳಲು ಸಿಹಿ ಎಂಬ ಪಟ್ಟಿ ಕಟ್ಟಿದರು. 'ಸೀಮೆ' ಎಂಬ ಪದ ಬದನೆಗೆ, ಹುಣಸೆಗೆ, ಎಣ್ಣೆಗೆ ಮಾಡಿದ ಕೆಲಸವನ್ನು ಸಿಹಿ ಇಲ್ಲಿ ಮಾಡಿತು. ಹಿಂದಿಯವರು ಕರಿಬೇವನ್ನು ಮೀಠಾ ನೀಮ್ ಎನ್ನುತ್ತಾರೆ. ಅದರ ಎಲೆ ಅಗಿದು ನೋಡಿದವರು ಯಾರೂ ಸಿಹಿ ಎಂದಿಲ್ಲ. ಬೇವಿನಷ್ಟು ಕಹಿಯಲ್ಲ ಎಂಬುದಷ್ಟೇ ಅಲ್ಲಿನ ಮೀಠಾ.

ಹಾಗಾಗಿ ಸಿಹಿಯ ಎದುರಾಳಿ ಯಾರು ಎಂದು ಕೇಳಿದರೆ ಒಂದೇ ಉತ್ತರ ಸಿಗದು: ನೀರಿನಲ್ಲಿ ಉಪ್ಪು, ಮೊಸರಿನಲ್ಲಿ ಹುಳಿ, ಬೇವಿನಲ್ಲಿ ಕಹಿ, ಕುಂಬಳದಲ್ಲಿ ಬೂದು, ಹೋಟೆಲಿನಲ್ಲಿ ಖಾರ. ಸಿಹಿ ಪೊಂಗಲ್ಲಿಗೆ ಖಾರ ಪೊಂಗಲ್, ಕೇಸರಿಬಾತಿಗೆ ಖಾರಾಬಾತು. ಈ ಖಾರವೂ ತನ್ನ ಮನೆಯಲ್ಲಿ ಬೇರೆಯೇ ಆಗಿತ್ತು. ಸಂಸ್ಕೃತದ ಕ್ಷಾರ ಸುಡುವ ಬೂದಿ, ಚವಳು, ಸುಣ್ಣಗಳ ಗುಣ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಮೆಣಸಿನಕಾಯಿಯ ಪಾಲಾಗಿದೆ. ಆಯುರ್ವೇದದ ಕಟು ಎಂಬುದು ಖಾರ, ಅದೇ ಪದ ಹಿಂದಿಗೆ ಹೋದಾಗ ಕಡುವಾ ಎಂಬ ಕಹಿ. ರುಚಿಯ ಪದಗಳು ಒಂದರ ಜಾಗಕ್ಕೆ ಒಂದು ಸರಿದು ಕೂರುವುದು ಹೊಸದಲ್ಲ.

ಎಚ್ಚರವೂ ಬೇಕು. ಸೀ ಎಂದು ಶುರುವಾದದ್ದೆಲ್ಲ ಸಿಹಿಯ ಸಂತಾನವಲ್ಲ. ಸೀಗೆಕಾಯಿಯನ್ನು ಯಾರೂ ತಿನ್ನುವುದಿಲ್ಲ. ಸೀತಾಫಲಕ್ಕೆ ಸೀತೆ ಇದ್ದಾಳೆ. ಬಾಳೆಹಣ್ಣಿನ ಸೀಕರಣೆ ಮಾತ್ರ ಸೀ-ಕರಣೆ ಎಂದು ಒಡೆದು ತಿನ್ನಲು ಹೇಳಿಮಾಡಿಸಿದ ಹಾಗಿದೆ, ಆದರೆ ಅದರ ಅಜ್ಜಿ ಸಂಸ್ಕೃತದ ಶಿಖರಿಣೀ, ಮೊಸರು ಸಕ್ಕರೆ ಸೇರಿದ ರಸಾಯನ. ಕಲ್ಯಾಣದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲೇ ಅದರ ಪಾಕವಿದೆ. ಕನ್ನಡದ ಕಿವಿ ಶಿಖರವನ್ನು ಬಿಟ್ಟು ಸೀಯನ್ನು ಕೇಳಿಸಿಕೊಂಡಿತು. ಇಂಥ ಕೇಳಿಸಿಕೊಳ್ಳುವಿಕೆಯನ್ನು ಲೋಕನಿರುಕ್ತಿ ಎಂದು ತಳ್ಳಿಹಾಕುವುದು ನನಗೆ ಇಷ್ಟವಿಲ್ಲ, ಅದೂ ಪದದ ಬಾಳಿನ ಒಂದು ಘಟನೆಯೇ ತಾನೆ?

ಇನ್ನು ಹುಳಿಹಣ್ಣುಗಳ ತೋಟಕ್ಕೆ ಬರೋಣ. ನಿಂಬೆ ಇಂದು ಈ ಕುಲದ ಒಡತಿಯಂತೆ ಮೆರೆಯುತ್ತಿದ್ದರೂ ಕನ್ನಡದಲ್ಲಿ ಹಳೆಯ ಹೆಸರು ಅದಲ್ಲ. ಹಳೆಯದು ಈಳೆ, ಇಳೆ. ಕಿರಿದಾದ ಈಳೆ ಕಿತ್ತೀಳೆ, ಕಿತ್ತಿಳೆ. ನಮ್ಮ ಇವತ್ತಿನ ಕಿತ್ತಳೆ. ಕಿರಿದು ಎಂಬುದು ಸ್ವರದ ಮುಂದೆ ಕಿತ್ತ್ ಆಗುವುದನ್ನು ಕಿತ್ತಡಿ ಎಂಬಲ್ಲಿ ನೋಡಿದ್ದೇವೆ. ಹಿರಿದಾದ ಈಳೆ ಹೇರಿಳೆ, ಹೇರಳೆ. ಹೇರಡವಿಯಲ್ಲಿ ಇರುವ ಪೇರ್ ಇದು. ಹೇರಳೆಕಾಯಿಯ ಚಿತ್ರಾನ್ನ, ಗೊಜ್ಜು, ಉಪ್ಪಿನಕಾಯಿ ತಿಂದವರು ಹೇರಳ ಎಂಬ ಸಂಸ್ಕೃತದಂತೆ ಕೇಳಿಸುವ ಪದಕ್ಕೂ ಇದಕ್ಕೂ ನಂಟು ಹುಡುಕದಿರಲಿ. ಪೇರ್ ಮತ್ತು ಕಿರು ಹಳತಾಗಿ ಅರ್ಥ ಮಸುಕಾದಾಗ ಜನ ಹೊಸದಾಗಿ ದೊಡ್ಡ ಎಂಬುದನ್ನೇ ಅದೇ ಈಳೆಯ ಮುಂದೆ ಅಂಟಿಸಿದರು: ದೊಡ್ಡಿಳಿಕಾಯಿ, ಆಡುಮಾತಿನ ದೊಡ್ಲಿಕಾಯಿ. ಬೆಂಗಳೂರು ಸುತ್ತಿನ ಸಂತೆಗಳಲ್ಲಿ ದೊಡ್ಲಿಕಾಯಿ ಎನ್ನುವವರಲ್ಲಿ ಹೆಚ್ಚಿನವರಿಗೆ ಅದರ ಬಾಲದ 'ಲಿ' ಒಂದು ಕಾಲದ ರಾಣಿಯ ಹೆಸರೆಂದು ಗೊತ್ತಿಲ್ಲ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಎಂದು ಊರುಗಳನ್ನು ಅಳೆದ ಹೊಸ ಅಳತೆಗೋಲೇ ಕಾಯಿಗೂ ಬಂತು. ಅದು ಬರುವ ಮೊದಲು ಅಳೆದಿದ್ದರೆ ಅವು ಪೇರ್ವಳ್ಳ, ಕಿರುವಳ್ಳ ಎಂದೇನೋ ಆಗುತ್ತಿದ್ದವು.

ಕಿತ್ತಳೆಗೆ ನಾರಂಗಿ ಎಂಬ ಇನ್ನೊಂದು ಹೆಸರಿದೆಯಲ್ಲ, ಅದರ ಯಾತ್ರೆ ಎಲ್ಲರಿಗೂ ಗೊತ್ತಿರುವಂಥದು. ದ್ರಾವಿಡದ ನಾರಂಗಾಯಿ ಸಂಸ್ಕೃತದಲ್ಲಿ ನಾರಂಗವಾಗಿ, ಪಾರಸಿಕ ಅರಬ್ಬಿಗಳನ್ನು ಹಾದು, ಯುರೋಪಿನಲ್ಲಿ ನಕಾರ ಕಳಚಿ ಆರೆಂಜ್ ಆದ ಕತೆಯನ್ನು ಮತ್ತೆ ಹೇಳುವುದಿಲ್ಲ. ಇದೇ ಕುಲದ ಮಾದಲದ ಕಡೆ ಒಂದು ಕ್ಷಣ ನಿಲ್ಲೋಣ. ಅಮರಕೋಶದ ಮಾತುಲುಂಗ, ಬೀಜಪೂರ ಇದೇ. ಕೊಲ್ಲಾಪುರದ ಮಹಾಲಕ್ಷ್ಮಿ ಕೈಯಲ್ಲಿ ಹಿಡಿದಿರುವ ಹಣ್ಣು ಇದು. ತಮಿಳಿನಲ್ಲಿ ಇದರ ಸದ್ದಿನ ನೆಂಟ ಮಾದುಳೈ ದಾಳಿಂಬೆಗೆ ಸಂದಿದೆ. ಉತ್ತರ ಕರ್ನಾಟಕದ ಮಾದಲಿಗೂ ಮಾದಲಕ್ಕೂ ಬರೀ ಸದ್ದಿನ ಗೆಳೆತನ. ಒಂದು ಗೋಧಿ-ಬೆಲ್ಲದ ಸಿಹಿ, ಇನ್ನೊಂದು ಸಿಪ್ಪೆಯ ದಪ್ಪಕ್ಕೇ ಖರ್ಚಾಗಿಹೋದ ಹುಳಿ. ಅಮರಕೋಶದ ಅಮರಸಿಂಹ ಜಂಬೀರವೆಂಬ ಹುಳಿಹಣ್ಣಿಗೆ ಕೊಟ್ಟ ಪರ್ಯಾಯಗಳಲ್ಲಿ ನನಗೆ ಪ್ರಿಯವಾದದ್ದು ದಂತಶಠ, ಹಲ್ಲಿಗೆ ಶಠ, ಹಲ್ಲು ಚಳಿತುಕೊಳ್ಳುವಂತೆ ಮಾಡುವ ಖದೀಮ. ಅದೇ ಬಿರುದನ್ನು ಅವನು ಬೇಲದ ಹಣ್ಣಿಗೂ ಹಂಚಿದ್ದಾನೆ. ಸಸ್ಯಶಾಸ್ತ್ರದ ಕಣ್ಣಿಗೆ ಇವು ಬೇರೆ ಬೇರೆ ಮರ, ಹಲ್ಲಿನ ಕಣ್ಣಿಗೆ ಒಂದೇ.

ನಿಂಬೆಯ ಚರಿತ್ರೆ ಎರಡು ಅಕ್ಷರಗಳ ಕಣ್ಣಾಮುಚ್ಚಾಲೆ. ಬೆಂಗಳೂರು ಮೈಸೂರುಗಳಲ್ಲಿ ನಿಂಬೆ, ಕೃಷ್ಣೆ ಭೀಮೆಯರ ಕಡೆ ಲಿಂಬಿ. ಹಿಂದಿಯಲ್ಲಿ ನೀಂಬೂ, ಮರಾಠಿಯಲ್ಲಿ ಲಿಂಬೂ, ಬಂಗಾಳಿಯಲ್ಲಿ ಲೇಬು, ಮಲಯಾ ಭಾಷೆಯಲ್ಲಿ ಲಿಮಾವ್. ಪೂರ್ವದ ದ್ವೀಪಗಳ ಕಡೆಯಿಂದ ಲಕಾರದಲ್ಲಿ ಹೊರಟು ಸಂಸ್ಕೃತದಲ್ಲಿ ತಡವಾಗಿ ನಿಂಬೂಕವಾಗಿ ಕಾಣಿಸಿಕೊಂಡದ್ದು, ಪಾರಸಿಕದ ಲೀಮೂ, ಅರಬ್ಬಿಯ ಲೈಮೂನ್, ಸ್ಪಾನಿಷಿನ ಲಿಮಾ, ಫ್ರೆಂಚಿನ ಲೀಮ್ ಎಂದು ಪಡುವಣಕ್ಕೆ ನಡೆದು, ಕೊನೆಗೆ ಇಂಗ್ಲಿಷರ ಕೈಯಲ್ಲಿ ಲೈಮ್ ಆಗಿ, ನಾವು ಮೊದಲು ಕೂತಿದ್ದ ಹೋಟೆಲಿನ ಫಲಕದ ಮೇಲೆ ಬಂದು ಇಳಿದಿದೆ. ಸಂಸ್ಕೃತದಲ್ಲಿ ಅದಕ್ಕೊಂದು ಪೇಚು ಕಾದಿತ್ತು; ನಿಂಬ ಎಂದರೆ ಅಲ್ಲಿ ಮೊದಲೇ ಬೇವು. ಕಹಿಯ ನಿಂಬ, ಹುಳಿಯ ನಿಂಬೂಕ. ಮರಾಠಿಯವರು ಇಂದಿಗೂ ಕಡೂನಿಂಬ ಎಂದು ಕಹಿಯನ್ನು ಒತ್ತಿ ಹೇಳಿಯೇ ಬೇವನ್ನು ಬೇರೆ ಮಾಡಿಕೊಳ್ಳಬೇಕು. ಕನ್ನಡಕ್ಕೆ ಬೇವು ಎಂಬ ಸ್ವಂತ ಪದ ಇದ್ದದ್ದರಿಂದ ನಾವು ಆ ತೊಡಕಿನಿಂದ ಪಾರಾದೆವು. ದಾಡಿಮದಿಂದ ಬಂದ ದಾಳಿಂಬೆ ನಿಂಬೆಯ ಪ್ರಾಸ ಹಿಡಿದು ಕೂತಿರುವುದು ಆಕಸ್ಮಿಕವಿದ್ದೀತು, ಆದರೂ ಹಣ್ಣಿನ ಬುಟ್ಟಿಯಲ್ಲಿ ಎರಡೂ ಜೊತೆಯಾಗಿ ಸದ್ದು ಮಾಡುತ್ತವೆ.

ಅಡುಗೆಯವರಿಗೆ ನಿಂಬೆ ಬರಿಯ ಹಣ್ಣಲ್ಲ, ಮಾಪನ. 'ನಿಂಬೆಗಾತ್ರದ ಹುಣಸೆಹಣ್ಣು ನೆನೆಹಾಕಿ' ಎಂಬ ಸೂಚನೆಯಲ್ಲಿ ಒಂದು ಹುಳಿಯನ್ನು ಇನ್ನೊಂದು ಹುಳಿಯಿಂದ ಅಳೆಯುತ್ತೇವೆ, ಹೇಳುವವರಿಗೂ ಕೇಳುವವರಿಗೂ ಅದು ವಿಚಿತ್ರವೆನಿಸುವುದಿಲ್ಲ. ಬೆಣ್ಣೆ ಹೆಚ್ಚಾದರೆ ಗಜನಿಂಬೆ ಗಾತ್ರ. ರಾಮನವಮಿಯ ಪಾನಕದಲ್ಲಿ ಬೆಲ್ಲಕ್ಕೆ ಎದುರಾಗಿ ನಿಂಬೆ ಬೀಳುತ್ತದೆ. ಅಲ್ಲಿ 'ಸ್ವೀಟಾ ಸಾಲ್ಟಾ' ಎಂದು ಯಾರೂ ಕೇಳುವುದಿಲ್ಲ.

ಇಂಗ್ಲಿಷಿನಲ್ಲಿ ಲೈಮ್ ಎಂದರೆ ಸುಣ್ಣವೂ ಹೌದು. ಅದು ಅಂಟು ಎಂಬ ಅರ್ಥದ ಅವರ ಹಳೆಯ ಪದ, ಹಣ್ಣಿಗೂ ಅದಕ್ಕೂ ರಕ್ತಸಂಬಂಧವಿಲ್ಲ. ನಮ್ಮ ಸುಣ್ಣ ಬಂದದ್ದು ಸಂಸ್ಕೃತದ ಚೂರ್ಣ ಪ್ರಾಕೃತದಲ್ಲಿ ಚುಣ್ಣವಾದ ದಾರಿಯಲ್ಲಿ. ಪದದಲ್ಲಿ ಸೇರದ ಸಿಹಿ-ಸುಣ್ಣಗಳು ಕೆಲಸದಲ್ಲಿ ಮಾತ್ರ ಸೇರುತ್ತವೆ. ಆಲೆಮನೆಯಲ್ಲಿ ಕುದಿಯುವ ಕಬ್ಬಿನಹಾಲಿನ ಹುಳಿ ಮುರಿದು ಕಶ್ಮಲ ಎತ್ತಲು ಸುಣ್ಣದ ತಿಳಿ ಹಾಕುತ್ತಾರೆ, ಇಲ್ಲವಾದರೆ ಬೆಲ್ಲ ಗಟ್ಟಿಯಾಗಿ ಕೂರುವುದಿಲ್ಲ. ಹಳೆಯ ಗಾರೆಯವರು ಅದಕ್ಕೆ ಮರುಪಾವತಿ ಮಾಡಿದ್ದಾರೆ: ಸುಣ್ಣದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ ಅರೆಯುತ್ತಿದ್ದರು. 'ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ' ಎಂದು ಗಾದೆ ತಿನ್ನುವ ಸವಿಯಿಂದ ಸುಣ್ಣವನ್ನು ಎಷ್ಟು ದೂರ ಇಟ್ಟರೂ ಕುಶಲಕರ್ಮಿಗಳ ಲೆಕ್ಕವೇ ಬೇರೆ.

ಮೂಸಂಬಿಯದು ಚಿಕ್ಕ ಕತೆ. ಆಫ್ರಿಕದ ಮೊಸಾಂಬಿಕ್ ಮರಾಠಿಯಲ್ಲಿ ಮೋಸಂಬಿಯಾಗಿ ನಮ್ಮಲ್ಲಿ ಮೂಸಂಬಿ. ಹಣ್ಣು ಕಿತ್ತಳೆಯ ಬಳಗದ್ದು, ಹೆಸರು ದೇಶದ್ದು, ಅಂಗಡಿಯವನ ಫಲಕದಲ್ಲಿ ಅದು ನಿಂಬೆ. ಅದನ್ನು ಸಿಹಿನಿಂಬೆ ಎಂದು ಕನ್ನಡಿಸುವವರೂ ಇದ್ದಾರೆ, ನನಗೆ ಒಪ್ಪಿಗೆಯಿಲ್ಲ. ಸಿಹಿನಿಂಬೆ ಎಂಬ ನಿಜವಾದ ಬೇರೆಯೇ ಹಣ್ಣೊಂದು ಇರುವಾಗ, ಹುಳಿಯ ಹೆಸರೇ ಇಲ್ಲದ ಅದರ ಸಪ್ಪೆ ಸಿಹಿಯನ್ನು ಬಲ್ಲವರು ಇರುವಾಗ, ಮೂಸಂಬಿಗೆ ಅದರ ಹೆಸರು ಕಸಿದು ಕೊಡುವುದೇಕೆ?

ಈಗ ದೇವನಹಳ್ಳಿಯ ಚಕ್ಕೋತ. ಊರನ್ನು ಟಿಪ್ಪುವಿನ ಹುಟ್ಟಿನಿಂದ, ಕೋಟೆಯಿಂದ ಗುರುತಿಸುವವರಿದ್ದಾರೆ, 2008ರಿಂದೀಚೆಗೆ ವಿಮಾನ ನಿಲ್ದಾಣದಿಂದ ಗುರುತಿಸುವವರೇ ಹೆಚ್ಚು. ನಾವು ಹಣ್ಣಿನಿಂದ ಗುರುತಿಸುವ ಕೆಲವೇ ಮಂದಿ. ಚಕೋತ, ಚಕ್ಕೋತ ಎಂದು ಎರಡು ಬರಹ. ಒತ್ತು ಹಾಕುವುದು ಈ ಕಡೆಯ ಬಾಯಿಗೆ ಒಗ್ಗುತ್ತದೆ. ದಪ್ಪ ಸಿಪ್ಪೆ ಎಂದು ಚಕ್ಕೆಗೆ ಗಂಟು ಹಾಕುವ ಆಸೆಯಾಗುತ್ತದೆ, ಆದರೆ ಉತ್ತರದಲ್ಲಿ ಚಕೋತ್ರಾ ಎಂಬ ರೂಪ ಊರೂರಿಗೆ ಇರುವಾಗ ಆ ಗಂಟು ನಿಲ್ಲದು. ಹಣ್ಣು ಆಗ್ನೇಯ ಏಷ್ಯದ್ದು, ಹೋದಲ್ಲೆಲ್ಲ ತಂದವರ ಗುರುತು ಹೊತ್ತಿದೆ: ಬಂಗಾಳಿಯಲ್ಲಿ ಬಟಾವಿಯಾ ಬಂದರಿನ ನೆನಪಿನ ಬಾತಾಬಿ ಲೇಬು, ತಮಿಳಿನಲ್ಲಿ ಡಚ್ಚರ ಪೊಂಪೆಲ್ಮೂಸ್ ಕರಗಿ ಪಂಬಳಿಮಾಸು, ತೆಲುಗಿನಲ್ಲಿ ಬಾಲಕ್ಕೆ ಹಲಸನ್ನು ಕಟ್ಟಿಕೊಂಡ ಪಂಪರಪನಸ. 16ನೆಯ ಶತಮಾನದ ವೈದ್ಯಗ್ರಂಥ ಭಾವಪ್ರಕಾಶದಲ್ಲಿ ಬೀಜಪೂರದ ಸಿಹಿಯಾದ ಇನ್ನೊಂದು ಭೇದಕ್ಕೆ ಮಧುಕರ್ಕಟೀ ಎಂಬ ಹೆಸರಿದೆ, ಚಕೋತ್ರಾ ಎಂದೇ ವ್ಯಾಖ್ಯಾನಿಸುತ್ತಾರೆ. ಅಕ್ಷರಶಃ ಸಿಹಿಸೌತೆ. ಅದೇ ಹೆಸರನ್ನು ಆಮೇಲೆ ಪರಂಗಿಹಣ್ಣಿಗೂ ಕೊಟ್ಟದ್ದುಂಟು.

ಚಕ್ಕೋತ ಸುಲಿಯುವುದನ್ನು ನೋಡಬೇಕು. ತಲೆಯಲ್ಲಿ ಚಾಕು ಇಳಿಸಿ ಹಸಿರು-ಹಳದಿ ಸಿಪ್ಪೆಯನ್ನು ಪಟ್ಟಿಪಟ್ಟಿಯಾಗಿ ಸೀಳಿದರೆ ಬೆರಳು ದಪ್ಪದ ಬಿಳಿಯ ಬೆಂಡು. ಅದನ್ನು ಕಿತ್ತು ತೆಗೆದರೆ ತೊಳೆಗಳು. ತೊಳೆಯ ಬೆನ್ನಿನ ಪೊರೆಯನ್ನು ಉಗುರಿನಿಂದ ಎಬ್ಬಿಸಿ ಮಗುಚಿದರೆ ಒಳಗೆ ಹನಿಯಾಕಾರದ ಗುಲಾಬಿ ಎಸಳುಗಳು ಒಂದಕ್ಕೊಂದು ಅಂಟದೆ ಉದುರುತ್ತವೆ. ಪೊರೆಯ ಚೂರೊಂದು ಜೊತೆಗೆ ಬಾಯಿಗೆ ಹೋದರೆ ಕಹಿ. ಆ ಕಹಿಗೆ ರಸಾಯನಶಾಸ್ತ್ರಜ್ಞರು ಇಟ್ಟ ಹೆಸರು ನಾರಿಂಜಿನ್, ಸಂಸ್ಕೃತದ ನಾರಂಗಿಯಿಂದಲೇ ಎತ್ತಿಕೊಂಡದ್ದು. ಹೀಗೆ ನಮ್ಮ ನಾರಂಗಾಯಿ ಪ್ರಪಂಚ ಸುತ್ತಿ ಬಂದು ಕೊನೆಗೆ ಒಂದು ಕಹಿಯ ಹೆಸರಾಗಿದೆ. ಬೇರೆ ಸೀಮೆಯ ಚಕ್ಕೋತಗಳಲ್ಲಿ ಈ ಕಹಿ ಎಸಳಿಗೂ ಇಳಿದಿರುತ್ತದೆ. ದೇವನಹಳ್ಳಿಯದರಲ್ಲಿ ಇಳಿಯುವುದಿಲ್ಲ ಎಂಬುದೇ ಅದರ ಖ್ಯಾತಿ, ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕ ಹಣ್ಣು ಅದು. ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿಕೊಂಡು ಕೂತ ಹೆಂಗಸನ್ನು 'ಸಿಹಿ ಇದೆಯಾ?' ಎಂದು ಕೇಳಿದರೆ ಬರುವ ಉತ್ತರ ಇಂಥದು: 'ಸೀಗೈತೆ ಸ್ವಾಮಿ, ಉಳೀನೂ ಇಲ್ಲ, ಕಯ್ಯೀನೂ ಇಲ್ಲ.' ಯಾವ ನಿಘಂಟು ಇಷ್ಟು ಬಿಗಿಯಾಗಿ ಸಿಹಿಯನ್ನು ವಿವರಿಸಿದೆ? ಕಿಟ್ಟೆಲ್ 1894ರ ತನ್ನ ಕೋಶದಲ್ಲಿ ಪದಗಳಿಗೆ ಇಂಗ್ಲಿಷ್ ಸಮಾನಪದ ಕೊಟ್ಟ. ಈಕೆ ಎರಡು ಅಭಾವಗಳಿಂದ ಒಂದು ಭಾವವನ್ನು ಕಟ್ಟಿದಳು, ನ್ಯಾಯಶಾಸ್ತ್ರದವರು ಕಿವಿಗೊಡಬೇಕಾದ ಲಕ್ಷಣ ಇದು.

ಇತ್ತೀಚೆಗೆ ಸಸ್ಯವಿಜ್ಞಾನಿಗಳು ವಂಶವಾಹಿಗಳನ್ನು ಓದಿ ಒಂದು ವಂಶವೃಕ್ಷ ಬರೆದಿದ್ದಾರೆ. ಈ ಕುಲದ ಮೂಲಪುರುಷರೆಂದು ಅವರು ಎಣಿಸುವವರಲ್ಲಿ ಮುಖ್ಯರು ಮೂವರು: ಚಕ್ಕೋತ, ಮಾದಲ, ಸಣ್ಣ ಜಾತಿಯ ಕಿತ್ತಳೆ. ಚಕ್ಕೋತ ಮತ್ತು ಆ ಕಿತ್ತಳೆಯ ಬೆರಕೆಯಿಂದ ಮೂಸಂಬಿಯ ಬಳಗ. ನಮ್ಮ ಕಾಗ್ಜಿ ನಿಂಬೆಯ ತಂದೆತಾಯಿಗಳಲ್ಲಿ ಒಬ್ಬರು ಮಾದಲ. ಪದಗಳ ವಯಸ್ಸಿನ ಲೆಕ್ಕದಲ್ಲಿ ನಾವು ಈಳೆ ಮಾದಲಗಳನ್ನು ಹಿರಿಯರ ಸಾಲಿನಲ್ಲೂ ನಿಂಬೆಯನ್ನು ಕಿರಿಯರ ಸಾಲಿನಲ್ಲೂ ಕೂರಿಸಿದ್ದೆವು, ಅವರ ಲೆಕ್ಕವೂ ಹೆಚ್ಚುಕಡಿಮೆ ಹಾಗೇ ಇದೆ. ಹೆಸರಿನಲ್ಲಿ ಮಾತ್ರ ಚಕ್ಕೋತ ನಮ್ಮಲ್ಲಿ ತಡವಾಗಿ ಬಂದ ಹಿರಿಯ.

ವಿಮಾನ ನಿಲ್ದಾಣಕ್ಕೆ ಸುಮಾರು 4,000 ಎಕರೆ ಹೋಯಿತು, ಅದರ ಹಿಂದೆ ಬಡಾವಣೆಗಳು ಬಂದವು, ಚಕ್ಕೋತದ ಮರಗಳು ಮನೆಗಳ ಹಿತ್ತಲಿಗೆ, ಉಳಿದ ತೋಟಗಳಿಗೆ ಸರಿದವು. ಗಣೇಶನ ಹಬ್ಬದ ಫಲಾವಳಿಗೆ ಕಟ್ಟಲು ಈಗ ಬೆಂಗಳೂರಿನ ಮಾರುಕಟ್ಟೆಗೆ ಬರುವ ಚಕ್ಕೋತವೆಲ್ಲ ದೇವನಹಳ್ಳಿಯದಲ್ಲ, ಎಲ್ಲದಕ್ಕೂ ಮಾರುವವರು ದೇವನಹಳ್ಳಿಯ ಹೆಸರು ಹೇಳಿದರೂ ಸಹ. ಊರಹೆಸರೇ ಸಿಹಿಯ ಪರ್ಯಾಯಪದವಾಗುವ ಹಂತ ಇದು, ಮೂಸಂಬಿಗೆ ಮೊಸಾಂಬಿಕ್ ಆದ ಹಾಗೆ.

ಚಕ್ಕೋತ ಎಂಬ ಹೆಸರಿಗೆ ಇನ್ನೊಬ್ಬ ಹಕ್ಕುದಾರನಿದ್ದಾನೆ: ಚಕ್ಕೋತಸೊಪ್ಪು. ಮರಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ನೆಲದಲ್ಲಿ ಮೊಣಕಾಲೆತ್ತರ ಬೆಳೆಯುವ ಮೆತ್ತನೆಯ ಎಲೆ, ಹಿಂದಿಯ ಬಥುವಾದ ಬಳಗ. ತೆಲುಗಿನಲ್ಲಿ ಅದು ಚಕ್ರವರ್ತಿ ಕೂರ, ತಮಿಳಿನಲ್ಲಿ ಚಕ್ರವರ್ತಿ ಕೀರೈ. ಚಕ್ರವರ್ತಿ ಸವೆದು ಸವೆದು ಚಕ್ಕೋತವಾಗಿರಬೇಕು ಎನ್ನುವುದು ನನ್ನ ಊಹೆ: ಚಕ್ರ ಚಕ್ಕವಾಗುವುದು ಪ್ರಾಕೃತದ ನಿತ್ಯಕರ್ಮ, ವರ್ತಿಯ ವಕಾರ ಓಕಾರವಾಗಿ ಕರಗುವುದು ಬಾಯಿಯ ಸೋಮಾರಿತನ, ಆಮೇಲೆ ಪಕ್ಕದ ಬುಟ್ಟಿಯಲ್ಲಿ ಹಣ್ಣಿನ ಹೆಸರು ಸಿದ್ಧವಾಗಿ ಇದ್ದದ್ದರಿಂದ ಸೊಪ್ಪು ಅದರ ಅಚ್ಚಿನಲ್ಲೇ ಬಿದ್ದಿತು. ಹೊಸಕೋಟೆ, ನೆಲಮಂಗಲಗಳ ಮನೆಗಳಲ್ಲಿ ಮಸ್ಸೊಪ್ಪಿಗೆ ಈ ಸೊಪ್ಪು ಬಿದ್ದರೆ ಹುಣಸೆಯನ್ನು ಸ್ವಲ್ಪ ಹಿಡಿತದಲ್ಲಿ ಹಾಕುತ್ತಾರೆ, ಎಲೆಯಲ್ಲೇ ಒಂದಿಷ್ಟು ಉಪ್ಪು-ಹುಳಿ ಇರುವುದರಿಂದ. ಸಂತೆಯಲ್ಲಿ ಬರೀ 'ಚಕ್ಕೋತ ಐತಾ?' ಎಂದು ಕೇಳಿದರೆ 'ಅಣ್ಣಾ, ಸೊಪ್ಪಾ?' ಎಂದು ತಿರುಗಿ ಕೇಳುತ್ತಾರೆ.